ಮಣ್ಣು-ನೀರಿನ ಓದು: ನಮ್ಮ ಮಕ್ಕಳಿಗೆ ಯಾವ ಪದವಿ?

ಹೊಲಮನೆ ಇದ್ದವರ ಮಕ್ಕಳು ಪಿಯುಸಿ ಸೈನ್ಸ್ ಪಾಸಾದರೆ ನಮ್ಮ ಕಡೆ ಕೇಳಿಬರುವ ಹೆಸರು ಒಂದೇ, 'ಬಿಎಸ್ಸಿ ಅಗ್ರಿ'. ಸೀಟು ಸಿಕ್ಕರೆ ಪೇಢೆ ಹಂಚ್ತಾರ, ಸಿಗದಿದ್ದರೆ 'ಇನ್ನೇನು, ಯಾವುದಾದರೂ ಡಿಗ್ರಿ' ಅಂತಾರ. ಮಣ್ಣು, ನೀರು, ಮರ, ಹುಲ್ಲು ಇವನ್ನು ಕಾಯೋದನ್ನು ಕಲಿಸುವ ಪದವಿಗಳು ಇನ್ನೂ ನಾಲ್ಕಾರು ಇವೆ. ಅವುಗಳ ಹೆಸರು ನಮ್ಮ ಹಳ್ಳಿಗೆ ಬಂದು ಮುಟ್ಟಿಲ್ಲ, ಅಷ್ಟೇ.

ನಾನು ಓದಿದ್ದು ಏಳನೇ ಇಯತ್ತೆ. ಗದಗ ಜಿಲ್ಲೆಯಲ್ಲಿ ಮಳೆ ನಂಬಿದ 9 ಎಕರೆ ಹೊಲ. ಮೇಲಿನ 3 ಎಕರೆ ಮಸಾರಿ, ಕೆಳಗಿನದು ಎರೆ. ಮುಂಗಾರಿಗೆ ಹೆಸರು, ಹಿಂಗಾರಿಗೆ ಬಿಳಿಜೋಳ, ಕಡಲೆ. ತಮ್ಮನ ಮಗಳು ಈ ವರ್ಷ ಪಿಯುಸಿ ಮುಗಿಸಿದಳು. ಅವಳ ಸಲುವಾಗಿ ಧಾರವಾಡ, ರಾಯಚೂರು ತಿರುಗಿ, ಓದುವ ಮಕ್ಕಳನ್ನೂ ಕಲಿಸುವವರನ್ನೂ ಕೇಳಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ. ನಮ್ಮಂಥ ಇನ್ನೊಂದು ಮನೆಗೆ ಉಪಯೋಗ ಆದರೆ ಸಾಕು.

ಯಾಕೆ ಬೇಕು ಈ ಓದು?

ಮೊದಲು ಒಂದು ಸಣ್ಣ ಲೆಕ್ಕ ಮಾಡೋಣ. ಒಂದು ಎಕರೆ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 4,000 ಲೀಟರ್ ನೀರು. 25 ಮಿಲಿಮೀಟರಿನ ಒಂದು ಹದ ಮಳೆ ಅಂದರೆ ಎಕರೆಗೆ 1 ಲಕ್ಷ ಲೀಟರ್. ಅದರಲ್ಲಿ ಮೂರನೇ ಒಂದು ಪಾಲು ಹರಿದು ಹಳ್ಳ ಸೇರಿತು ಅನ್ನಿ, 33,000 ಲೀಟರ್ ಹೋಯಿತು. 5,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ಆರು ಟ್ಯಾಂಕರಿಗಿಂತ ಹೆಚ್ಚು. ಬೇಸಿಗೆಯಲ್ಲಿ ಒಂದು ಟ್ಯಾಂಕರಿಗೆ ಎಷ್ಟು ಕೊಡ್ತೀವಿ ಅನ್ನೋದು ಎಲ್ಲರಿಗೂ ಗೊತ್ತು.

ನೀರು ಬರಿಗೈಲಿ ಹೋಗೋದಿಲ್ಲ, ಮಣ್ಣು ಹೊತ್ತುಕೊಂಡೇ ಹೋಗುತ್ತದೆ. ಒಂದು ಎಕರೆಯಲ್ಲಿ 1 ಮಿಲಿಮೀಟರ್ ದಪ್ಪ ಮಣ್ಣು ಅಂದರೆ 4 ಘನ ಮೀಟರ್, ತೂಕದಲ್ಲಿ ಸುಮಾರು 5 ಟನ್. ಕಣ್ಣಿಗೆ ಕಾಣಿಸೋದೇ ಇಲ್ಲ. ಆದರೆ ಒಂದು ಇಂಚು ಮಣ್ಣು ಹುಟ್ಟಲು ನೂರಾರು ವರ್ಷ ಬೇಕು. ನಮ್ಮ ಮೇಲಿನ 3 ಎಕರೆಯಲ್ಲಿ ಅಪ್ಪನ ಕಾಲಕ್ಕೆ ಮೊಣಕಾಲುದ್ದ ಮಣ್ಣಿತ್ತು. ಈಗ ಗೇಣು ತೋಡಿದರೆ ಗರಸು ಹತ್ತುತ್ತದೆ.

ಕೆಲವು ವರ್ಷದ ಹಿಂದೆ ನಮ್ಮ ಭಾಗಕ್ಕೆ ಒಡ್ಡಿನ ಕೆಲಸ ಬಂತು. ಯಾವ ಕಚೇರಿ, ಯಾರು ಅನ್ನೋದು ಬೇಡ. ಇಳಿಜಾರು ಅಳೆಯಬೇಕಾದವರು ಬರಲಿಲ್ಲ, ಜೆಸಿಬಿ ಡ್ರೈವರನ ಕಣ್ಣಳತೆಯಲ್ಲೇ ಒಡ್ಡು ಬಿತ್ತು. ಹೆಚ್ಚಾದ ನೀರು ಹೋಗಲು ಕೋಡಿ ಇಡಲಿಲ್ಲ. ಮೊದಲ ದೊಡ್ಡ ಮಳೆಗೆ ಒಡ್ಡು ಒಡೆಯಿತು. ಹಿಂದೆ ಹತ್ತು ಕಡೆ ಹಂಚಿ ಹರಿಯುತ್ತಿದ್ದ ನೀರು ಒಂದೇ ಕಡೆ ನುಗ್ಗಿ ಮೂರು ಜನರ ಹೊಲ ಸೀಳಿ ಕೊರಕಲು ಮಾಡಿತು. ಒಡ್ಡು ಇಲ್ಲದಿದ್ದರೇ ನೆಟ್ಟಗಿತ್ತು ಅನ್ನುವ ಹಾಗಾಯಿತು. ದುಡ್ಡು ಇತ್ತು, ಯಂತ್ರ ಇತ್ತು, ಕಲಿತವರು ಮಾತ್ರ ಸ್ಥಳದಲ್ಲಿ ಇರಲಿಲ್ಲ. ಈ ಓದಿನ ಬೆಲೆ ನನಗೆ ಗೊತ್ತಾದದ್ದು ಆಗ.

ಓದುಗಳು ಯಾವ್ಯಾವು?

1. ಬಿಎಸ್ಸಿ (ಆನರ್ಸ್) ಕೃಷಿ. ನಾಲ್ಕು ವರ್ಷ. ಬೆಂಗಳೂರು (1964), ಧಾರವಾಡ (1986), ರಾಯಚೂರು (2008) ಮೂರೂ ಕೃಷಿ ವಿಶ್ವವಿದ್ಯಾಲಯಗಳಲ್ಲಿ ಇದೆ. 2012ರಲ್ಲಿ ಆದ ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯದಲ್ಲೂ ಇದೆ. ಮಣ್ಣು, ಬೇಸಾಯ, ತಳಿ, ಕೀಟ, ರೋಗ, ಅರ್ಥಶಾಸ್ತ್ರ, ವಿಸ್ತರಣೆ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಕಲಿಸ್ತಾರೆ. ಮಳೆಯಾಶ್ರಿತ ಕೃಷಿ ಮತ್ತು ಜಲಾನಯನ ಅನ್ನುವ ವಿಷಯವೂ ಒಂದಿದೆ. ಕೊನೆಯ ವರ್ಷ ಹಳ್ಳಿಯಲ್ಲಿದ್ದು ಕೆಲಸ ಮಾಡುವ ಗ್ರಾಮೀಣ ಕೃಷಿ ಕಾರ್ಯಾನುಭವ ಇರುತ್ತದೆ. ನಮ್ಮೂರಿಗೆ ಬಂದು ಇರುವ ವಿದ್ಯಾರ್ಥಿಗಳು ಇವರೇ. ಇದನ್ನು ಹೆಬ್ಬಾಗಿಲು ಅಂತ ತಿಳಿಯಬೇಕು. ಒಳಗೆ ಹೋದ ಮೇಲೆ ಯಾವ ಕೋಣೆ ಅನ್ನೋದು ಎಂಎಸ್ಸಿಯಲ್ಲಿ ತೀರ್ಮಾನ ಆಗುತ್ತದೆ. ಭೂಮಿಯ ಕಡೆ ಮನಸ್ಸಿದ್ದವರು ಮಣ್ಣು ವಿಜ್ಞಾನ ಇಲ್ಲವೇ ಬೇಸಾಯಶಾಸ್ತ್ರ ತಗೋಬಹುದು.

2. ಬಿಟೆಕ್ ಕೃಷಿ ಎಂಜಿನಿಯರಿಂಗ್. ಇದೂ ನಾಲ್ಕು ವರ್ಷ. ರಾಯಚೂರಿನಲ್ಲೂ ಬೆಂಗಳೂರಿನ ಜಿಕೆವಿಕೆಯಲ್ಲೂ ಕಾಲೇಜುಗಳಿವೆ. ಟ್ರ್ಯಾಕ್ಟರ್ ರಿಪೇರಿ ಓದು ಅಂತ ನಮ್ಮ ಜನ ನಗ್ತಾರ, ಅದು ತಪ್ಪು. ಯಂತ್ರ ಇದರ ಒಂದು ಭಾಗ ಮಾತ್ರ. ಭೂಮಾಪನ, ಮಳೆ ನೀರಿನ ಹರಿವಿನ ಲೆಕ್ಕ, ಒಡ್ಡು, ಕೋಡಿ, ಚೆಕ್ ಡ್ಯಾಂ, ಕೃಷಿ ಹೊಂಡದ ವಿನ್ಯಾಸ, ಹನಿ ನೀರಾವರಿ, ಜವುಳು ಭೂಮಿಯ ಬಸಿಗಾಲುವೆ, ಬೆಳೆ ಸಂಸ್ಕರಣೆ ಇವೆಲ್ಲ ಬರುತ್ತವೆ. ಮುಂದೆ ಮಣ್ಣು ಮತ್ತು ನೀರಿನ ಎಂಜಿನಿಯರಿಂಗಿನಲ್ಲೇ ಎಂಟೆಕ್ ಮಾಡಬಹುದು. ನಮ್ಮ ಒಡ್ಡಿನ ಕೆಲಸಕ್ಕೆ ಬೇಕಿದ್ದದ್ದು ಈ ಓದು ಓದಿದವರು.

3. ಬಿಎಸ್ಸಿ (ಆನರ್ಸ್) ಅರಣ್ಯ. ಶಿರಸಿಯಲ್ಲಿ ಧಾರವಾಡ ವಿಶ್ವವಿದ್ಯಾಲಯದ ಕಾಲೇಜು, ಕೊಡಗಿನ ಪೊನ್ನಂಪೇಟೆಯಲ್ಲಿ ಇನ್ನೊಂದು ಕಾಲೇಜು. ಎರಡೂ ಮಲೆನಾಡಿನಲ್ಲಿವೆ. ಹಂಗಂತ ಬಯಲುಸೀಮೆಯವರಿಗೆ ಅಲ್ಲ ಅನ್ನಬೇಡಿ. ಬದುವಿನ ಮೇಲೆ ಯಾವ ಮರ, ಎಷ್ಟು ಅಂತರ, ನೆರಳಿಗೆ ಜೋಳ ಎಷ್ಟು ಕಡಿಮೆ ಆಗುತ್ತದೆ, ಮರದಿಂದ ಎಷ್ಟು ವರ್ಷಕ್ಕೆ ಏನು ಆದಾಯ ಅನ್ನುವ ಕೃಷಿ ಅರಣ್ಯವೂ ಇದರಲ್ಲೇ ಇದೆ. ಬೇವು, ಹುಣಸೆ, ಜಾಲಿ, ಹೊಂಗೆ ಅರಿತವರು ನಮಗೆ ಬೇಕೇ ಬೇಕು.

4. ಭೂಗೋಳ, ಭೂಗರ್ಭ ವಿಜ್ಞಾನ. ಕೃಷಿ ಕಾಲೇಜಿನ ಸೀಟು ಸಿಗದವರಿಗೆ ಇದು ಒಳ್ಳೆ ದಾರಿ. ಮೂರು ವರ್ಷದ ಸಾಮಾನ್ಯ ಪದವಿಯಲ್ಲಿ ಇವನ್ನು ತಗೊಂಡು, ಎಂಎಸ್ಸಿ ಮಾಡಬಹುದು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಎರಡೂ ವಿಭಾಗಗಳಿವೆ. ಉಪಗ್ರಹದ ಚಿತ್ರ ನೋಡಿ ನಕ್ಷೆ ಮಾಡುವ ಕೆಲಸ, ಅಂತರ್ಜಲ ಹುಡುಕುವ ಕೆಲಸ ಇಲ್ಲಿಂದ ಬರುತ್ತದೆ. ಈಗ ಸಾವಿರಾರು ಎಕರೆಯ ಜಲಾನಯನ ಯೋಜನೆ ಮಾಡುವಾಗ ಕಂಪ್ಯೂಟರ್ ನಕ್ಷೆ ಇಲ್ಲದೆ ಮೊದಲ ಹೆಜ್ಜೆಯೂ ಇಡೋದಿಲ್ಲ.

5. ಗ್ರಾಮೀಣ ಅಭಿವೃದ್ಧಿ. ಗದಗದಲ್ಲಿ 2016ರ ಕಾಯ್ದೆಯಿಂದ ಆದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ ಇದೆ. ಬಿಎ, ಬಿಕಾಂ ಓದಿದವರೂ ಸ್ನಾತಕೋತ್ತರ ಮಟ್ಟದಲ್ಲಿ ಈ ದಾರಿಗೆ ಬರಬಹುದು. ಹೊರಗೆ ಹೋಗುವವರಿಗೆ ಗುಜರಾತಿನ ಆಣಂದದಲ್ಲಿ 1979ರಿಂದ ಇರುವ ಇರ್ಮಾ ಇದೆ. ವರ್ಗೀಸ್ ಕುರಿಯನ್ ಕಟ್ಟಿದ್ದು. 2025ರಲ್ಲಿ ಅದು ತ್ರಿಭುವನ್ ಸಹಕಾರಿ ವಿಶ್ವವಿದ್ಯಾಲಯದೊಳಗೆ ಸೇರಿತು. ಭೋಪಾಲದಲ್ಲಿ ಅರಣ್ಯ ನಿರ್ವಹಣೆ ಕಲಿಸುವ ಸಂಸ್ಥೆ 1982ರಿಂದ ಇದೆ. ಒಡ್ಡು ಹಾಕೋದು ಎಂಜಿನಿಯರ್ ಕೆಲಸ. ಆದರೆ ಮೇಲಿನ ಹೊಲದವನನ್ನೂ ಕೆಳಗಿನ ಹೊಲದವನನ್ನೂ ಒಂದು ಜಾಗದಲ್ಲಿ ಕೂಡಿಸಿ ಒಪ್ಪಿಸೋದು ಬೇರೆಯೇ ಕೆಲಸ. ಅದಕ್ಕೂ ಓದಿದೆ.

6. ಕೃಷಿ ಡಿಪ್ಲೊಮಾ. ಇದು ಪದವಿ ಅಲ್ಲ, ಆದರೂ ಹೇಳಲೇಬೇಕು. ಎಸ್ಸೆಸ್ಸೆಲ್ಸಿ ನಂತರ ಎರಡು ವರ್ಷ, ಕನ್ನಡದಲ್ಲೇ ಪಾಠ. ಮೇಲಿನ ಕೃಷಿ, ಕೃಷಿ ಎಂಜಿನಿಯರಿಂಗ್, ಅರಣ್ಯ ಪದವಿಗಳು ಇಂಗ್ಲಿಷಿನಲ್ಲಿ. ಇಂಗ್ಲಿಷಿಗೆ ಹೆದರಿ ಮನೆಯಲ್ಲಿ ಕೂತ, ಹೊಲ ಮಾಡುವ ಮನಸ್ಸಿರುವ ಹುಡುಗರಿಗೆ ಇದು ಸರಿಯಾದ ಓದು.

ಒಂದು ಕಾರ್ಡು, ಎಲ್ಲ ಓದೂ ಅದರಲ್ಲೇ

ಈ ಓದುಗಳು ಒಂದಕ್ಕೊಂದು ಹೇಗೆ ಹೆಣೆದಿವೆ ಅನ್ನೋದು ನನಗೆ ತಿಳಿದದ್ದು ನಮ್ಮ ಮನೆಯ ಒಂದು ಕಾರ್ಡಿನಿಂದ. ಸುಜಲಾ ಮೂರನೇ ಹಂತದಲ್ಲಿ ನಮ್ಮ ಗದಗ ಸೇರಿ 11 ಜಿಲ್ಲೆಗಳಲ್ಲಿ ಭೂ ಸಂಪನ್ಮೂಲ ಸಮೀಕ್ಷೆ ಆಯಿತು. ಹೊಲದಲ್ಲಿ ಗುಂಡಿ ತೋಡಿ, ಸರ್ವೆ ನಂಬರ್‌ವಾರು ಮಣ್ಣು ಪರೀಕ್ಷಿಸಿ ನಕ್ಷೆ ಮಾಡಿದರು. ರೈತರಿಗೆ ಕಾರ್ಡು ಕೊಟ್ಟರು. ನಮ್ಮೂರಲ್ಲಿ ಬಹಳ ಮನೆಯಲ್ಲಿ ಅದು ಜಂತಿಗೆ ಸಿಗಿಸಿದ್ದು ಅಲ್ಲೇ ಇದೆ. ಓದಿದರೆ ಅದರಲ್ಲಿ ಬಹಳ ಇದೆ.

ಮೊದಲು ಮಣ್ಣಿನ ಆಳ. 25 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ಅತಿ ತೆಳು, 25ರಿಂದ 50 ತೆಳು, 100ರ ಮೇಲೆ ಆಳ, 150ರ ಮೇಲೆ ಅತಿ ಆಳ. ಹಿಂಗಾರಿ ಜೋಳ ಬದುಕೋದು ಮಣ್ಣು ಹಿಡಿದಿಟ್ಟ ಹಸಿಯ ಮೇಲೆ. ಹಾಗಾಗಿ ಆಳ ಕಡಿಮೆ ಇದ್ದಲ್ಲಿ ಎಂಥ ಬೀಜ ಹಾಕಿದರೂ ತೆನೆ ಕಟ್ಟೋ ಹೊತ್ತಿಗೆ ಒಣಗುತ್ತದೆ. ಇದು ಮಣ್ಣು ವಿಜ್ಞಾನದ ಮಾತು.

ಎರಡನೆಯದು ಇಳಿಜಾರು. 100 ಮೀಟರ್ ನಡೆದರೆ 1 ಮೀಟರ್ ಇಳಿಯುವುದು ಶೇಕಡಾ 1. ಒಡ್ಡುಗಳ ನಡುವಿನ ಅಂತರ ನಿಂತಿರೋದೇ ಇದರ ಮೇಲೆ. ಇದು ಎಂಜಿನಿಯರಿಂಗ್.

ಮೂರನೆಯದು ಭೂಮಿಯ ಯೋಗ್ಯತಾ ವರ್ಗ. ಒಟ್ಟು 8 ವರ್ಗ. ಮೊದಲ 4 ಉಳುಮೆಗೆ ಸರಿ, ಆದರೆ ನಾಲ್ಕನೆಯದಕ್ಕೆ ಬಹಳ ಜೋಪಾನ ಬೇಕು. 5ರಿಂದ 7 ಹುಲ್ಲು, ಮರಕ್ಕೆ ಬಿಡಬೇಕು. ಎಂಟನೆಯದು ಬರೀ ಕಲ್ಲು-ಕೊರಕಲು, ಅದನ್ನು ಕಾಡುಪ್ರಾಣಿ, ಗಿಡಗಂಟಿಗೆ ಬಿಟ್ಟುಬಿಡೋದು. ನಮ್ಮ ಮೇಲಿನ 3 ಎಕರೆ ನಾಲ್ಕನೇ ವರ್ಗದ್ದು. ಅಲ್ಲಿ ಮರ, ಹುಲ್ಲು ಬೆರೆಸಿ ಮಾಡುವುದು ಅರಣ್ಯದ ಓದು. ಇಷ್ಟನ್ನೂ ಒಂದು ನಕ್ಷೆಯಲ್ಲಿ ತಂದದ್ದು ಭೂಗೋಳದವರ ಕೆಲಸ. ಆ ಕಾರ್ಡನ್ನು ಜಂತಿಯಿಂದ ಇಳಿಸಿ ನಮ್ಮಿಂದ ಓದಿಸುವವರು ಯಾರೂ ಬರಲಿಲ್ಲ, ಅದು ವಿಸ್ತರಣೆಯವರ ಕೆಲಸ ಆಗಿತ್ತು.

ಈ ವಿದ್ಯೆ ನಮ್ಮ ಒಣಭೂಮಿಗೆ ಹೊಸದೇನಲ್ಲ. 1930ರ ದಶಕದಲ್ಲೇ ವಿಜಯಪುರ, ರಾಯಚೂರು, ಹಗರಿ, ಸೊಲ್ಲಾಪುರದಲ್ಲಿ ಒಣಬೇಸಾಯದ ಸಂಶೋಧನೆ ಶುರುವಾಗಿತ್ತು. ಬಳ್ಳಾರಿಯ ಮಣ್ಣು-ನೀರು ಸಂರಕ್ಷಣೆ ಕೇಂದ್ರ 1954ರದ್ದು. ನಾವು ಎರೆ ಹೊಲದಲ್ಲಿ ಹಾಕುವ ಚೌಕುಮಡಿ ಈ ಭಾಗದ ಸಂಶೋಧನೆಯಲ್ಲಿ ಒರೆಗೆ ಹಚ್ಚಿ ನೋಡಿದ್ದು. ವಿದ್ಯೆ ಇದ್ದಲ್ಲಿಂದ ಹೊಲಕ್ಕೆ ತರುವ ನಮ್ಮದೇ ಮಕ್ಕಳು ಬೇಕು.

ಸೀಟಿನ ವಿಚಾರ

ಕೃಷಿ ಮತ್ತು ಅರಣ್ಯ ಪದವಿಗೆ ಪಿಯುಸಿಯಲ್ಲಿ ಭೌತ, ರಸಾಯನ, ಜೀವಶಾಸ್ತ್ರ ಬೇಕು. ಕೃಷಿ ಎಂಜಿನಿಯರಿಂಗಿಗೆ ಜೀವಶಾಸ್ತ್ರದ ಬದಲು ಗಣಿತ ಬೇಕು. ನಾಲ್ಕೂ ಓದಿದವರಿಗೆ ಎರಡೂ ಬಾಗಿಲು ತೆರೆದಿರುತ್ತದೆ. ಆದ್ದರಿಂದ ಎಸ್ಸೆಸ್ಸೆಲ್ಸಿ ಆದ ಕೂಡಲೆ, 'ಗಣಿತ ಕಷ್ಟ' ಅಂತ ಬಿಡುವ ಮೊದಲು ಎರಡು ಸಲ ವಿಚಾರ ಮಾಡಬೇಕು.

ಪ್ರವೇಶ ಸಿಇಟಿ ಮೂಲಕ. ಕೃಷಿಕರ ಮಕ್ಕಳಿಗೆ ಪ್ರತ್ಯೇಕ ಪಾಲು ಇದೆ. ಶೇಕಡಾ 40 ಇದ್ದದ್ದನ್ನು 2021ರಲ್ಲಿ 50ಕ್ಕೆ ಏರಿಸಿದರು. ಇದಕ್ಕೆ ತಹಶೀಲ್ದಾರ ಕಚೇರಿಯ ಪ್ರಮಾಣಪತ್ರ ಬೇಕು. ಜೊತೆಗೆ ಪ್ರಾಯೋಗಿಕ ಪರೀಕ್ಷೆ ಇರುತ್ತದೆ. ಬೀಜ, ಬೆಳೆ, ಸಲಕರಣೆ ಇಂಥವನ್ನು ಮುಂದಿಟ್ಟು ಗುರುತು ಹಿಡಿಯಲು ಹೇಳ್ತಾರೆ. ರೈತರ ಮಕ್ಕಳೇ ಕುಸುಬಿ ಯಾವುದು, ಅಗಸಿ ಯಾವುದು ತಿಳಿಯದೆ ನಿಂತದ್ದನ್ನು ಕಲಿಸುವವರೊಬ್ಬರು ಹೇಳಿ ನಕ್ಕರು. ನನಗೆ ನಗು ಬರಲಿಲ್ಲ. ಓದಿನ ಹೆಸರಲ್ಲಿ ಮಕ್ಕಳನ್ನು ಹೊಲದಿಂದ ದೂರ ಇಟ್ಟದ್ದು ಯಾರು? ರಜೆಯಲ್ಲಿ ಕೂರಿಗೆ ಹಿಂದೆ ನಾಲ್ಕು ದಿನ ನಡೆಯಲಿ. ಪರೀಕ್ಷೆಗೂ ಆಯಿತು, ಬದುಕಿಗೂ ಆಯಿತು.

ಬೇರೆ ರಾಜ್ಯದ ಕೃಷಿ ವಿಶ್ವವಿದ್ಯಾಲಯಗಳ ಅಖಿಲ ಭಾರತ ಸೀಟಿಗೆ 2023ರಿಂದ ಸಿಯುಇಟಿ ಪರೀಕ್ಷೆ ಇದೆ. ಖಾಸಗಿ ಕಾಲೇಜು ಸೇರಿಸುವವರು ಒಂದು ಮಾತು ಮರೆಯಬೇಡಿ. ಕಟ್ಟಡ ನೋಡಬೇಡಿ, ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನ ಮಾನ್ಯತೆ ಇದೆಯೇ ಕೇಳಿ. ಪ್ರಯೋಗಕ್ಕೆ ಅವರದೇ ಹೊಲ ಎಷ್ಟಿದೆ ಅದನ್ನೂ ಕೇಳಿ. ಹೊಲ ಇಲ್ಲದ ಕೃಷಿ ಕಾಲೇಜು ಅಂದರೆ ಕೆರೆ ಇಲ್ಲದೆ ಈಜು ಕಲಿಸಿದ ಹಾಗೆ.

ಕೆಲಸ ಸಿಗುತ್ತದೆಯೇ?

ಎಲ್ಲರೂ ಕೇಳುವ ಪ್ರಶ್ನೆ ಇದು, ಕೇಳಬೇಕಾದ್ದೂ ಹೌದು. ಬಿಎಸ್ಸಿ ಕೃಷಿ ಓದಿದವರು ಕೃಷಿ ಇಲಾಖೆಯ ಅಧಿಕಾರಿ ಹುದ್ದೆಗೆ ಪರೀಕ್ಷೆ ಬರೆಯಬಹುದು. ಬ್ಯಾಂಕು, ಬೀಜ-ಗೊಬ್ಬರದ ಕಂಪನಿಗಳಲ್ಲೂ ಕೆಲಸ ಇವೆ. ಅರಣ್ಯ ಪದವಿಯವರಿಗೆ ವಲಯ ಅರಣ್ಯ ಅಧಿಕಾರಿ ನೇಮಕಾತಿಯಲ್ಲಿ ಪಾಲಿದೆ, ಎಷ್ಟು ಪಾಲು ಅನ್ನೋದು ನಿಯಮ ತಿದ್ದಿದಾಗಲೆಲ್ಲ ಬದಲಾಗಿದೆ. ಎಂಜಿನಿಯರಿಂಗ್ ಆದವರಿಗೆ ಜಲಾನಯನ ಕೆಲಸ, ಹನಿ ನೀರಾವರಿ ಮತ್ತು ಯಂತ್ರದ ಕಂಪನಿ, ಸಂಶೋಧನೆ. ನಕ್ಷೆ ಕಲಿತವರಿಗೆ ಸರ್ಕಾರಿ, ಖಾಸಗಿ ಎರಡೂ ಕಡೆ ಬೇಡಿಕೆ.

ಆದರೆ ಸರ್ಕಾರಿ ನೇಮಕಾತಿ ಪ್ರತಿ ವರ್ಷ ಕರೆಯೋದಿಲ್ಲ. ಪರೀಕ್ಷೆಗೆ ಓದ್ತಾ ಓದ್ತಾ ಐದಾರು ವರ್ಷ ಕಳೆದವರನ್ನು ಧಾರವಾಡದ ಓಣಿ ಓಣಿಯಲ್ಲಿ ನೋಡಬಹುದು. ಆದ್ದರಿಂದ 'ಈ ಓದಿಗೆ ನೌಕರಿ ಇದೆಯೇ' ಅನ್ನೋದರ ಜೊತೆಗೆ 'ನೌಕರಿ ತಡವಾದರೆ ಈ ಓದಿನಿಂದ ಏನು ಮಾಡಬಲ್ಲೆ' ಅಂತಲೂ ಕೇಳಿಕೊಳ್ಳಬೇಕು. ಹತ್ತು ಹಳ್ಳಿಗೆ ಒಡ್ಡು, ಹೊಂಡ ಅಳೆದು ಕೊಡುವವರು ಸಿಕ್ಕರೆ ದುಡ್ಡು ಕೊಟ್ಟು ಕರೆಯಲು ನಮ್ಮಲ್ಲೇ ಎಷ್ಟೋ ಜನ ಇದ್ದೇವೆ.

ಆರಿಸುವ ಮೊದಲು ಹೊಲದಲ್ಲಿ ಮೂರು ಕೆಲಸ

ಮಕ್ಕಳಿಗೆ ಯಾವುದರ ಕಡೆ ಒಲವು ಅಂತ ಬಾಯಲ್ಲಿ ಕೇಳಿದರೆ ಗೊತ್ತಾಗೋದಿಲ್ಲ. ನಾವು ಮಾಡಿಸಿ ನೋಡಿದ್ದು ಇದು.

ಒಂದು, ಹೊಲದ ಮೇಲೆ, ನಡುವೆ, ಕೆಳಗೆ ಒಂದೊಂದು ಗುಂಡಿ ತೋಡಿಸಿ. ಎಷ್ಟು ಆಳಕ್ಕೆ ಬಣ್ಣ ಬದಲಾಯಿತು, ಎಲ್ಲಿ ಸುಣ್ಣದ ಹರಳು ಬಂತು, ಬೇರು ಎಲ್ಲಿವರೆಗೆ ಇಳಿದಿದೆ, ಬರೆಯಲಿ. ಇದರಲ್ಲಿ ಹೊತ್ತು ಹೋದದ್ದೇ ತಿಳಿಯದವರಿಗೆ ಮಣ್ಣು ವಿಜ್ಞಾನ.

ಎರಡು, ಗೌಂಡಿಗಳು ಬಳಸುವ ನೀರಿನ ಪೈಪು ಹಿಡಿದು ಹೊಲದ ಇಳಿಜಾರು ಅಳೆಸಿ. ಮಳೆ ಬರುವಾಗ ಛತ್ರಿ ಕೊಟ್ಟು ನೀರು ಎಲ್ಲಿಂದ ನುಗ್ಗಿ ಎಲ್ಲಿ ಹೋಗುತ್ತದೆ, ನೋಡಿ ಬರಲು ಹೇಳಿ. ಗುಡುಗು-ಮಿಂಚು ಇದ್ದಾಗ ಮಾತ್ರ ಕಳಿಸಬೇಡಿ. ನೆನೆದು ಬಂದು ನಕ್ಷೆ ಬರೆಯಲು ಕೂತರೆ ಎಂಜಿನಿಯರಿಂಗ್.

ಮೂರು, ಬದುವಿನ ಮರ, ಬಳ್ಳಿ, ಹುಲ್ಲು ಎಣಿಸಿ ಹೆಸರು ಬರೆಸಿ. ಗೊತ್ತಿಲ್ಲದ ಹೆಸರಿಗೆ ಅಜ್ಜಿಯ ಹತ್ತಿರ ಓಡಿದರೆ ಅರಣ್ಯ.

ಮೂರರಲ್ಲೂ ಬೇಸರ ಪಟ್ಟರೆ ಒತ್ತಾಯ ಬೇಡ. ಅವರಿಗೆ ಬೇರೆ ಓದು ಇದೆ.

ನಮ್ಮ ಮನೆಯಲ್ಲಿ ಆದದ್ದು

ತಮ್ಮನ ಮಗಳು ಎರಡನೇ ಕೆಲಸದಲ್ಲಿ ಮುಳುಗಿಹೋದಳು. ಕೊರಕಲು ಬಿದ್ದ ಜಾಗದಿಂದ ಮೇಲಕ್ಕೆ ಅಳೆಯುತ್ತಾ ಹೋಗಿ, "ದೊಡ್ಡಪ್ಪಾ, ಒಡ್ಡು ಬಿದ್ದದ್ದೇ ಇಳಕಲಿಗೆ ಅಡ್ಡ ಅಲ್ಲ, ಓರೆ ಆಗೈತಿ. ಅದಕ್ಕ ನೀರೆಲ್ಲಾ ಒಂದ ಮೂಲಿಗೆ ಬರ್ತೈತಿ" ಅಂದಳು. ನಾವು ಇಷ್ಟು ವರ್ಷ ಬೈದುಕೊಂಡು ತಿರುಗಿದ್ದಕ್ಕೆ ಅವಳು ಒಂದು ಮಧ್ಯಾಹ್ನದಲ್ಲಿ ಕಾರಣ ಹುಡುಕಿದಳು.

ತಮ್ಮನಿಗೆ ಮಾತ್ರ ಸಮಾಧಾನ ಇಲ್ಲ. "ಅಣ್ಣಾ, ಅಗ್ರಿ ಆದ್ರ ನಾಳೆ ಒಂದು ಆಫೀಸರ್ ಪರೀಕ್ಷೆ ಬರೀತಾಳ. ಇದನ್ನ ಓದಿ ಹೆಣ್ಣುಹುಡುಗಿ ಹೊಲ ಅಳ್ಕೋತ ಅಡ್ಡ್ಯಾಡಬೇಕೇನು?" ಅನ್ನೋದು ಅವನ ಮಾತು. ಸಾಲ ಮಾಡಿ ಓದಿಸುವವನು ಅವನು. ಅವನ ಹೆದರಿಕೆ ಸುಳ್ಳಲ್ಲ. ರಾಯಚೂರಿನ ಕಾಲೇಜಿನಲ್ಲಿ ಸರ್ವೆ ಉಪಕರಣ ಹೊತ್ತು ಹೊಲದಲ್ಲಿ ನಿಂತಿದ್ದ ಹುಡುಗಿಯರನ್ನು ಅವನಿಗೆ ತೋರಿಸಿದೆ. ಅವರಲ್ಲಿ ಒಬ್ಬಾಕಿ, "ಕಾಕಾ, ಬಿಸಿಲಿಗೆ ಗಂಡು-ಹೆಣ್ಣು ಅಂತ ಇಲ್ರಿ" ಅಂದದ್ದಕ್ಕೆ ನಕ್ಕ, ಆದರೆ ಒಪ್ಪಿದೆ ಅನ್ನಲಿಲ್ಲ.

ಕೊನೆಗೆ ಸಿಇಟಿ ಆಯ್ಕೆ ಪಟ್ಟಿಯಲ್ಲಿ ಕೃಷಿ ಎಂಜಿನಿಯರಿಂಗ್ ಮೊದಲು, ಬಿಎಸ್ಸಿ ಕೃಷಿ ಎರಡನೆಯದು, ಅರಣ್ಯ ಮೂರನೆಯದು ಹಾಕೋದು ಅಂತ ನಿರ್ಧಾರ ಆಗಿದೆ. ಎಲ್ಲಿ ಸೀಟು ಬಂದರೂ ಮೂರೂ ಭೂಮಿ ಕಾಯುವ ಓದೇ. ಈ ಪಟ್ಟಿಯಲ್ಲಿ ಬೇಕಾದದ್ದನ್ನೇ ಮೇಲೆ ಹಾಕಬೇಕು. 'ಸಿಗೋದಿಲ್ಲ' ಅಂತ ನಾವೇ ತಿಳಿದು ಕೆಳಗೆ ಹಾಕಿದರೆ, ಸಿಗುವಂತಿದ್ದರೂ ಕೈತಪ್ಪುತ್ತದೆ.

ಈ ಓದು ಓದಿದ ಮಕ್ಕಳು ನಿಮ್ಮ ಮನೆಯಲ್ಲಿದ್ದರೆ, ಓದು ಹೊಲಕ್ಕೆ ಎಷ್ಟು ಬಂತು, ನೌಕರಿಗೆ ಎಷ್ಟು ಬಂತು ಅಂತ ಪತ್ರಿಕೆಗೆ ಬರೆಯಿರಿ. ಮತ್ತೆ ಜಂತಿಯಲ್ಲಿ ಆ ಕಾರ್ಡು ಇದ್ದರೆ ಇವತ್ತೇ ಇಳಿಸಿ, ಮನೆಯಲ್ಲಿ ಓದುವ ಹುಡುಗರ ಕೈಗೆ ಕೊಡಿ.